ಹತ್ತು ಮಹಿಳೆಯರು, ತಲಾ ನೂರು ಡಾಲರ್

1914ರಲ್ಲಿ ಡೆಟ್ರಾಯಿಟ್ ನಗರದ ಹತ್ತು ಮಂದಿ ಮಹಿಳೆಯರು ಸೇರಿ ತಲಾ ನೂರು ಡಾಲರ್ ಹಾಕಿದರು. ಹತ್ತು ಡಾಲರ್ ಚಂದಾ ಕೊಡುವ ಮತ್ತೆ ನೂರು ಮಂದಿಯನ್ನು ಹುಡುಕಿ ತರುವ ಹೊಣೆಯನ್ನೂ ಹೊತ್ತರು. ನಿಂತುಹೋಗಿದ್ದ ಒಂದು ಆರ್ಕೆಸ್ಟ್ರಾವನ್ನು ಅವರು ಮತ್ತೆ ಎಬ್ಬಿಸಬೇಕಿತ್ತು. 1887ರ ಡಿಸೆಂಬರ್‌ನಲ್ಲಿ ಡೆಟ್ರಾಯಿಟ್ ಆಪೆರಾ ಹೌಸಿನಲ್ಲಿ ತನ್ನ ಮೊದಲ ಋತುವನ್ನು ಆರಂಭಿಸಿದ್ದ ಡೆಟ್ರಾಯಿಟ್ ಸಿಂಫನಿ 1910ರಲ್ಲಿ ಹಣದ ಮುಗ್ಗಟ್ಟಿನಿಂದ ಮೌನವಾಗಿತ್ತು. ಈ ಮಹಿಳೆಯರು ಕೂಡಿಸಿದ ಹಣದ ಬಲದಿಂದ, ಬಾಸ್ಟನ್ನಿನ ಚರ್ಚೊಂದರಲ್ಲಿ ಆರ್ಗನ್ ನುಡಿಸುತ್ತಿದ್ದ 27 ವರ್ಷದ ವೆಸ್ಟನ್ ಗೇಲ್ಸ್ ನಿರ್ದೇಶಕರಾಗಿ ಬಂದರು, ಕಛೇರಿಗಳು ಮತ್ತೆ ಶುರುವಾದವು.

ಈ ಊರನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಎಲ್ಲರೂ ಫೋರ್ಡ್, ಡಾಡ್ಜ್, ಕ್ರೈಸ್ಲರ್ ಹೆಸರು ಹೇಳುತ್ತಾರೆ. ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದ ಕನ್ನಡಿಗರಲ್ಲಿ ಬಹಳಷ್ಟು ಮಂದಿಗೆ ಅನ್ನ ಕೊಟ್ಟದ್ದೂ ಅದೇ ಕಾರು ಉದ್ಯಮ. ಆದರೆ ವುಡ್‌ವರ್ಡ್ ಅವೆನ್ಯೂದಲ್ಲಿರುವ ಆರ್ಕೆಸ್ಟ್ರಾ ಹಾಲಿನ ಕಥೆ ಬೇರೆಯದೇ ಒಂದು ಸಂಗತಿಯನ್ನು ಹೇಳುತ್ತದೆ. ಒಬ್ಬ ಧನಿಕನ ಕೈಗೆ ಸಿಕ್ಕಾಗಲೆಲ್ಲ ಈ ವಾದ್ಯವೃಂದ ಅವನ ಜೊತೆ ಏರಿ ಅವನ ಜೊತೆಗೇ ಬಿದ್ದಿದೆ. ಊರಿನ ನೂರಾರು ಕೈಗಳು ಹಿಡಿದುಕೊಂಡಾಗ ಮಾತ್ರ ಅದು ಬಾಳಿದೆ.

1918ರಲ್ಲಿ ಬಂದ ಒಸಿಪ್ ಗಬ್ರಿಲೋವಿಚ್ ರಷ್ಯಾದವರು, ಹೆಸರಾಂತ ಪಿಯಾನೋ ವಾದಕರು, ಲೇಖಕ ಮಾರ್ಕ್ ಟ್ವೇನ್ ಅವರ ಅಳಿಯ. ಸರಿಯಾದ ಸಭಾಂಗಣ ಕಟ್ಟಿಸದಿದ್ದರೆ ಈ ಊರಿನಲ್ಲಿ ನಿಲ್ಲುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ವಾಸ್ತುಶಿಲ್ಪಿ ಸಿ. ಹೋವರ್ಡ್ ಕ್ರೇನ್ ಹಳೆಯ ಚರ್ಚೊಂದರ ಜಾಗದಲ್ಲಿ ಐದು ತಿಂಗಳೊಳಗೆ ಹಾಲ್ ಎಬ್ಬಿಸಿದರು. 1919ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಅಷ್ಟು ಅವಸರದಲ್ಲಿ ಎದ್ದ ಕಟ್ಟಡದ ನಾದಗುಣವನ್ನು ಸಂಗೀತಗಾರರು ಇಂದಿಗೂ ಹೊಗಳುತ್ತಾರೆ. 1922ರಲ್ಲಿ ಇದೇ ವೃಂದದ ಕಛೇರಿಯನ್ನು ಡಬ್ಲ್ಯುಡಬ್ಲ್ಯುಜೆ ಕೇಂದ್ರ ರೇಡಿಯೋದಲ್ಲಿ ಬಿತ್ತರಿಸಿತು. ಟಿಕೆಟ್ ಕೊಳ್ಳಲಾಗದವರ ಮನೆಗೂ ಸಿಂಫನಿ ಮೊದಲ ಸಲ ಹೋದದ್ದು ಆಗಲೇ.

ಇಷ್ಟು ಹೆಸರಿದ್ದೂ ಹಣ ಏಕೆ ಸಾಲದು? ಉತ್ತರ ಡೆಟ್ರಾಯಿಟ್ ಕಾರ್ಖಾನೆಗಳಲ್ಲೇ ಇದೆ. 1913ರಲ್ಲಿ ಫೋರ್ಡ್ ಕಂಪನಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ, ಒಂದು ಮಾಡೆಲ್ ಟಿ ಕಾರಿನ ಚಾಸಿಸ್ ಜೋಡಿಸಲು ಹಿಡಿಯುತ್ತಿದ್ದ ಹನ್ನೆರಡೂವರೆ ಗಂಟೆ 93 ನಿಮಿಷಕ್ಕೆ ಇಳಿಯಿತು. ಕೆಲಸ ಬೇಗ ಮುಗಿದದ್ದರಿಂದ ಕೂಲಿಯನ್ನು ಏರಿಸಿಯೂ ಕಾರಿನ ಬೆಲೆ ಇಳಿಸಲು ಫೋರ್ಡ್‌ಗೆ ಸಾಧ್ಯವಾಯಿತು. ಬೇಥೋವನ್ನನ ಸಿಂಫನಿಗೆ ಈ ಸೌಲಭ್ಯವಿಲ್ಲ. ಅವನ ಕಾಲದಲ್ಲಿ ಅದಕ್ಕೆ ಎಷ್ಟು ಜನ, ಎಷ್ಟು ನಿಮಿಷ ಬೇಕಿತ್ತೋ ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಊರಿನಲ್ಲಿ ಎಲ್ಲರ ಸಂಬಳ ಏರಿದಂತೆ ವಾದಕರ ಸಂಬಳವೂ ಏರಲೇಬೇಕು, ಆದರೆ ಕೆಲಸದ ವೇಗವನ್ನು ಏರಿಸುವಂತಿಲ್ಲ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ 1966ರ ತಮ್ಮ ಪುಸ್ತಕದಲ್ಲಿ ಪ್ರದರ್ಶನ ಕಲೆಗಳ ಈ ಬಿಕ್ಕಟ್ಟನ್ನೇ ವಿವರಿಸಿದರು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಿಗೆ ಸಾಮಾನ್ಯವಾಗಿ ಟಿಕೆಟ್ ಹಣದಿಂದ ಖರ್ಚಿನ ಅರ್ಧವೂ ಹುಟ್ಟುವುದಿಲ್ಲ. ಮಿಕ್ಕದ್ದು ದೇಣಿಗೆಯಿಂದ, ಅನುದಾನದಿಂದ, ಮೂಲನಿಧಿಯ ಆದಾಯದಿಂದ ಬರಬೇಕು. ಮೂಲನಿಧಿ ಎಂದರೆ ನಮ್ಮ ದೇವಸ್ಥಾನಗಳ ಶಾಶ್ವತ ಪೂಜೆಯ ದತ್ತಿ ಇದ್ದಂತೆ: ಗಂಟನ್ನು ಮುಟ್ಟದೆ, ಅದರಿಂದ ಬಂದದ್ದರಲ್ಲಿ ವರ್ಷಕ್ಕೆ ಇಷ್ಟು ಎಂದು ಖರ್ಚು ಮಾಡುವುದು. ಆರ್ಕೆಸ್ಟ್ರಾದಂಥ ಲಾಭರಹಿತ ಸಂಸ್ಥೆಗೆ ಮಾಲೀಕರಿಲ್ಲ. ಉಳಿತಾಯವಾದರೆ ಯಾರೂ ಹಂಚಿಕೊಳ್ಳುವಂತಿಲ್ಲ, ಕೊರತೆಯಾದರೆ ತುಂಬಿಕೊಡುವ ಶೇರುದಾರರೂ ಇಲ್ಲ.

1930ರ ದಶಕದ ಆರ್ಥಿಕ ಕುಸಿತ ಡೆಟ್ರಾಯಿಟನ್ನು ಹಿಂಡಿತು. ಫೋರ್ಡ್ ಕಂಪನಿ ನಡೆಸುತ್ತಿದ್ದ ಭಾನುವಾರ ಸಂಜೆಯ ರೇಡಿಯೋ ಕಾರ್ಯಕ್ರಮದಿಂದ ವಾದಕರಿಗೆ ಒಂದಿಷ್ಟು ಸಂಪಾದನೆಯಿತ್ತು. ಗಬ್ರಿಲೋವಿಚ್ 1936ರಲ್ಲಿ ತೀರಿಕೊಂಡರು. 1939ರಲ್ಲಿ ವೃಂದ ತನ್ನ ಹಾಲನ್ನೇ ಬಿಟ್ಟು ಮೇಸಾನಿಕ್ ಟೆಂಪಲ್‌ಗೆ ಹೋಯಿತು. ಖಾಲಿ ಬಿದ್ದ ಆರ್ಕೆಸ್ಟ್ರಾ ಹಾಲ್ 1941ರ ಕ್ರಿಸ್‌ಮಸ್ ಹೊತ್ತಿಗೆ ಪ್ಯಾರಡೈಸ್ ಥಿಯೇಟರ್ ಎಂಬ ಹೊಸ ಹೆಸರಿನಲ್ಲಿ ತೆರೆಯಿತು. ಕಪ್ಪು ಜನರ ಮನರಂಜನಾ ಕೇರಿಯಾಗಿದ್ದ ಪ್ಯಾರಡೈಸ್ ವ್ಯಾಲಿಯಿಂದ ಬಂದ ಹೆಸರು ಅದು. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಬಿಲಿ ಹಾಲಿಡೇ, ಎಲ್ಲಾ ಫಿಟ್ಜ್‌ಜೆರಾಲ್ಡ್ ಆ ವೇದಿಕೆ ಹತ್ತಿದರು. ಸಿಂಫನಿಗಾಗಿ ಕಟ್ಟಿದ ಗೋಡೆಗಳು ಹತ್ತು ವರ್ಷ ಜಾಜ್ ಕೇಳಿದವು. ಪ್ಯಾರಡೈಸ್ ವ್ಯಾಲಿಯನ್ನು ಮುಂದೆ ಹೆದ್ದಾರಿಗಾಗಿ ನೆಲಸಮ ಮಾಡಲಾಯಿತು. ಇಂದು ಸಿಂಫನಿಯೇ ತನ್ನ ಜಾಜ್ ಸರಣಿಗೆ ಪ್ಯಾರಡೈಸ್ ಎಂಬ ಹೆಸರಿಟ್ಟು ಆ ನೆನಪನ್ನು ಉಳಿಸಿಕೊಂಡಿದೆ.

1942ರಲ್ಲಿ ವೃಂದ ಮತ್ತೆ ನಿಂತುಹೋಯಿತು. ಮರುವರ್ಷ ಅದನ್ನು ಎತ್ತಿ ನಿಲ್ಲಿಸಿದವರು ರಾಸಾಯನಿಕ ಉದ್ಯಮಿ ಹೆನ್ರಿ ರೈಖ್‌ಹೋಲ್ಡ್. ಹಣ ಅವರದು, ಅಧಿಕಾರವೂ ಅವರದೇ. ವಾದಕರ ಜೊತೆ ಜಗಳ ಬೆಳೆದು 1949ರಲ್ಲಿ ಎಲ್ಲವೂ ಮುರಿದುಬಿತ್ತು.

ಇದೇ ವರ್ಷಗಳಲ್ಲಿ ಸಾಗರದಾಚೆ ಇನ್ನೊಂದು ಆರ್ಕೆಸ್ಟ್ರಾವನ್ನು ಪೋಷಿಸುತ್ತಿದ್ದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು. ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಕಟ್ಟಿದ್ದ ಫಿಲ್ಹಾರ್ಮೋನಿಯಾ ಎಳೆಯ ಸಂಸ್ಥೆಯಾಗಿದ್ದಾಗ ಮಹಾರಾಜರು ಅದಕ್ಕೆ ವರ್ಷಕ್ಕೆ 10,000 ಪೌಂಡ್‌ನಂತೆ ನೆರವು ಒದಗಿಸಿದರು. ರಷ್ಯಾದ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸುವುದಕ್ಕೂ ಹಣ ಕೊಟ್ಟರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಅವರ ಬೆಂಬಲದಿಂದ. ಆದರೆ ಮೈಸೂರಿನ ನೆರವು ಸದಾಕಾಲಕ್ಕೆ ಇರುವಂಥದ್ದಾಗಿರಲಿಲ್ಲ. 1964ರಲ್ಲಿ ಲೆಗ್ ತಾವೇ ವೃಂದವನ್ನು ನಿಲ್ಲಿಸಲು ಹೊರಟಾಗ ಅದನ್ನು ಉಳಿಸಿಕೊಂಡವರು ವಾದಕರು. ತಾವೇ ಆಡಳಿತ ನಡೆಸುವ ಸಂಸ್ಥೆಯಾಗಿ ಅವರು ಮುಂದುವರಿದರು. ಮಹಾರಾಜರ ಔದಾರ್ಯಕ್ಕೆ ಇದರಿಂದ ಕುಂದಿಲ್ಲ. ಅಂಥ ಉದಾರಿಯಾದ ಪೋಷಕರಿದ್ದರೂ ವೃಂದಕ್ಕೆ ಬೇರೊಂದು ನೆಲೆ ಬೇಕೇ ಬೇಕು.

ಡೆಟ್ರಾಯಿಟ್ ಆ ನೆಲೆಯನ್ನು 1951ರಲ್ಲಿ ಕಂಡುಕೊಂಡಿತು. ಒಬ್ಬನೇ ದೊಡ್ಡ ದಾನಿಯನ್ನು ನೆಚ್ಚದೆ, ಊರಿನ ಹಲವು ಕಂಪನಿಗಳು ಮತ್ತು ವ್ಯಕ್ತಿಗಳಿಂದ ತಲಾ 10,000 ಡಾಲರ್ ಎತ್ತುವ ಯೋಜನೆಯನ್ನು ಜಾನ್ ಬಿ. ಫೋರ್ಡ್ ಮುಂದಿಟ್ಟರು. ಅದಕ್ಕೆ ಡೆಟ್ರಾಯಿಟ್ ಪ್ಲಾನ್ ಎಂದೇ ಹೆಸರಾಯಿತು. 1914ರ ಮಹಿಳೆಯರ ಚಂದಾ ಪಟ್ಟಿಯೇ ದೊಡ್ಡ ಅಂಕಿಗಳಲ್ಲಿ ಮರಳಿ ಬಂದಿತ್ತು. ಫ್ರಾನ್ಸಿನ ಪಾಲ್ ಪಾರೇ ನಿರ್ದೇಶಕರಾದರು. ಮರ್ಕ್ಯುರಿ ಕಂಪನಿ ಹೊರತಂದ ಅವರ ಧ್ವನಿಮುದ್ರಣಗಳಿಂದ ಡೆಟ್ರಾಯಿಟ್ ಹೆಸರು ಲೋಕದ ಸಂಗೀತಪ್ರಿಯರ ಮನೆಗಳನ್ನು ಮುಟ್ಟಿತು. 1956ರಲ್ಲಿ ನದಿದಂಡೆಯ ಫೋರ್ಡ್ ಆಡಿಟೋರಿಯಂ ವೃಂದದ ಮನೆಯಾಯಿತು.

ಹಳೆಯ ಹಾಲ್ ಮಾತ್ರ ಪಾಳುಬಿತ್ತು. 1970ರಲ್ಲಿ ಅದನ್ನು ಕೆಡವಿ ಹ್ಯಾಂಬರ್ಗರ್ ಅಂಗಡಿ ಕಟ್ಟುವ ಸುದ್ದಿ ಬಂದಾಗ ಅಡ್ಡ ನಿಂತವರು ಸಿರಿವಂತರಲ್ಲ. ಅದೇ ವೃಂದದಲ್ಲಿ ಬಸೂನ್ ನುಡಿಸುತ್ತಿದ್ದ ಪಾಲ್ ಗ್ಯಾನ್ಸನ್. ಅವರು ಗೆಳೆಯರನ್ನು ಕೂಡಿಸಿ ಸಮಿತಿ ಕಟ್ಟಿದರು, ಸಹಾಯಾರ್ಥ ಕಛೇರಿಗಳನ್ನು ನಡೆಸಿದರು, ಕಟ್ಟಡವನ್ನು ಕೆಡವುವವರ ಕೈಯಿಂದ ಬಿಡಿಸಿಕೊಂಡರು. ದುರಸ್ತಿ ವರ್ಷಗಟ್ಟಲೆ ನಡೆಯಿತು. 1989ರಲ್ಲಿ ವೃಂದ ಅರ್ಧ ಶತಮಾನದ ನಂತರ ತನ್ನ ಹಾಲಿಗೆ ಮರಳಿತು. ಗ್ಯಾನ್ಸನ್ ಅವರ ಹೆಸರು ಈ ಊರಿನ ಶಾಲಾ ಮಕ್ಕಳಿಗೆ ಗೊತ್ತಿರಬೇಕಾದ ಹೆಸರು.

ಅದೇ ವರ್ಷ ಮತ್ತೊಂದು ಪ್ರಶ್ನೆ ಎದುರಾಯಿತು. ನಗರದ ಮುಕ್ಕಾಲು ಪಾಲು ಜನ ಕಪ್ಪು ಜನಾಂಗದವರು, 98 ವಾದಕರಲ್ಲಿ ಅವರ ಪೈಕಿ ಒಬ್ಬರೇ. ಹೀಗಿದ್ದರೆ ರಾಜ್ಯದ ಅನುದಾನ ತಡೆಯುತ್ತೇವೆಂದು ಮಿಷಿಗನ್ ಶಾಸಕರು ಪಟ್ಟು ಹಿಡಿದರು. ಪರದೆಯ ಹಿಂದೆ ನುಡಿಸುವ ಎಂದಿನ ಆಯ್ಕೆ ಪರೀಕ್ಷೆಯನ್ನು ಬದಿಗಿಟ್ಟು, ಆಗಾಗ ಬದಲಿ ವಾದಕರಾಗಿ ಬರುತ್ತಿದ್ದ ಡಬಲ್ ಬೇಸ್ ವಾದಕ ರಿಚರ್ಡ್ ರಾಬಿನ್‌ಸನ್ ಅವರನ್ನು ಸಂಸ್ಥೆ ಕಾಯಂ ಮಾಡಿಕೊಂಡಿತು. ಎಲ್ಲರಂತೆ ಪರೀಕ್ಷೆಯ ಮೂಲಕವೇ ಬರಬೇಕೆಂಬುದು ಸ್ವತಃ ರಾಬಿನ್‌ಸನ್ ಅವರ ಇಷ್ಟವಾಗಿತ್ತು. ದೇಶದ ಸಂಗೀತ ವಲಯವೆಲ್ಲ ಪರ ವಿರೋಧವಾಗಿ ಚರ್ಚಿಸಿತು. ಶಾಸಕರು ಹಿಡಿದ ದಾರಿ ಒರಟು, ಆದರೆ ಕೇಳಿದ ಪ್ರಶ್ನೆ ನ್ಯಾಯವಾದದ್ದು: ಜನರ ತೆರಿಗೆಯನ್ನು ಪಡೆಯುವ ವೇದಿಕೆಯಲ್ಲಿ ಆ ಜನರ ಮುಖ ಕಾಣಬೇಡವೇ? ಕಪ್ಪು ಸಂಗೀತಕಾರರ ಕೃತಿಗಳನ್ನು ಮುಂದಿಡುವ ಕ್ಲಾಸಿಕಲ್ ರೂಟ್ಸ್ ಕಛೇರಿ 1978ರಿಂದಲೇ ಇತ್ತು. ಈ ಗದ್ದಲದ ನಂತರ ಯುವ ಕಪ್ಪು ವಾದಕರಿಗೆ ತರಬೇತಿ ಕೊಡುವ ಫೆಲೋಶಿಪ್ ಕೂಡ ಶುರುವಾಯಿತು.

2003ರಲ್ಲಿ ಹಳೆಯ ಹಾಲಿಗೆ ಹೊಂದಿಕೊಂಡು ಮ್ಯಾಕ್ಸ್ ಫಿಶರ್ ಸಂಗೀತ ಕೇಂದ್ರ ಎದ್ದಿತು. ಕಟ್ಟಡ ಸುಂದರ, ಸಾಲ ಭಾರೀ. 2008ರ ಆರ್ಥಿಕ ಕುಸಿತದಲ್ಲಿ ಮೂಲನಿಧಿ ಕರಗಿತು. ಮರುವರ್ಷ ಕ್ರೈಸ್ಲರ್ ಮತ್ತು ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ಸದಾ ಚೆಕ್ ಬರೆಯುತ್ತಿದ್ದ ಕೈಗಳೇ ಕಟ್ಟಿಹೋದವು. ಕಟ್ಟಡದ ಸಾಲ 5 ಕೋಟಿ 40 ಲಕ್ಷ ಡಾಲರ್ ಉಳಿದಿತ್ತು. 1,04,650 ಡಾಲರ್ ಇದ್ದ ಮೂಲ ಸಂಬಳವನ್ನು ಮೂರನೇ ಒಂದು ಭಾಗದಷ್ಟು ಇಳಿಸಬೇಕೆಂದು ಆಡಳಿತ ಮಂಡಳಿ ಹೇಳಿತು. ವಾದಕರು ಶೇಕಡಾ 22 ಕಡಿತಕ್ಕೆ ಸಿದ್ಧರಿದ್ದರು. ಶಾಲೆಗಳಲ್ಲಿ ಪಾಠ, ಬಡಾವಣೆಗಳಲ್ಲಿ ಕಛೇರಿ ಇವೆಲ್ಲ ವಾದಕರ ಕೆಲಸದ ಭಾಗವೇ, ಅಲ್ಲವೇ ಎಂಬುದೂ ದೊಡ್ಡ ಜಗಳವಾಯಿತು. 2010ರ ಅಕ್ಟೋಬರ್ 4ರಂದು ಆರಂಭವಾದ ಮುಷ್ಕರ ಆರು ತಿಂಗಳು ನಡೆಯಿತು. ಒಳ್ಳೆಯ ವಾದಕರು ಕೆಲವರು ಬೇರೆ ಊರಿಗೆ ಹೊರಟುಹೋದರು. ಕೊನೆಗೆ ಸುಮಾರು ಶೇಕಡಾ 23 ಕಡಿತಕ್ಕೆ ಒಪ್ಪಂದವಾಗಿ, 2011ರ ಏಪ್ರಿಲ್‌ನಲ್ಲಿ ಉಚಿತ ಕಛೇರಿಗಳೊಂದಿಗೆ ವೃಂದ ಊರಿನ ಮುಂದೆ ಮತ್ತೆ ನಿಂತಿತು.

ಆ ಸಂಬಳ ಕಡಿತವನ್ನು ಯಾರೂ ಹಗುರವಾಗಿ ಎಣಿಸಬಾರದು. ವೃಂದದ ಮರುಹುಟ್ಟಿಗೆ ದೊಡ್ಡ ದೇಣಿಗೆ ಕೊಟ್ಟವರು ವಾದಕರೇ.

ಅಲ್ಲಿಂದ ಮುಂದೆ, ಆಗಿನ ಅಧ್ಯಕ್ಷೆ ಆನ್ ಪಾರ್ಸನ್ಸ್ ಮತ್ತು ನಿರ್ದೇಶಕ ಲಿಯೊನಾರ್ಡ್ ಸ್ಲಾಟ್ಕಿನ್ ಕಾಲದಲ್ಲಿ, ವೃಂದ ಜನರಿದ್ದ ಕಡೆಗೆ ತಾನೇ ಹೊರಟಿತು. ಸೌತ್‌ಫೀಲ್ಡ್, ಡಿಯರ್‌ಬಾರ್ನ್, ಗ್ರಾಸ್ ಪಾಯಿಂಟ್, ಬ್ಲೂಮ್‌ಫೀಲ್ಡ್ ಹಿಲ್ಸ್‌ಗಳ ಚರ್ಚು, ಯೆಹೂದಿ ಪ್ರಾರ್ಥನಾ ಮಂದಿರ, ಸಭಾಭವನಗಳಲ್ಲಿ ಪೂರ್ಣ ಪ್ರಮಾಣದ ಕಛೇರಿಗಳು ನಡೆದವು, ಟಿಕೆಟ್ 25 ಡಾಲರ್. ವಿದ್ಯಾರ್ಥಿಗಳಿಗೆ ಇಡೀ ಋತುವಿನ ಪಾಸ್ ಕೂಡ 25 ಡಾಲರಿಗೇ ಸಿಕ್ಕಿತು. ಆರ್ಕೆಸ್ಟ್ರಾ ಹಾಲಿನ ಕಛೇರಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೇರ ಪ್ರಸಾರ ಮಾಡುವ ಕೆಲಸಕ್ಕೂ 2011ರಲ್ಲಿ ಕೈಹಾಕಿದರು. 2012ರಲ್ಲಿ ಬ್ಯಾಂಕುಗಳ ಜೊತೆ ಕಟ್ಟಡದ ಸಾಲ ಇತ್ಯರ್ಥವಾಯಿತು. 2013ರ ಜುಲೈನಲ್ಲಿ ಡೆಟ್ರಾಯಿಟ್ ನಗರಸಭೆ ದಿವಾಳಿ ಅರ್ಜಿ ಹಾಕಿದಾಗ, ಅಮೆರಿಕದ ಇತಿಹಾಸದಲ್ಲಿ ಅಷ್ಟು ದೊಡ್ಡ ನಗರ ಹಾಗೆ ಮಾಡಿದ್ದೇ ಇರಲಿಲ್ಲ. ಅದೇ ವರ್ಷ ಸಿಂಫನಿ ಹಲವು ವರ್ಷಗಳಲ್ಲಿ ಮೊದಲ ಬಾರಿಗೆ ಆಯವ್ಯಯ ಸರಿದೂಗಿಸಿತು.

ಸಮುದಾಯದ ಕೆಲಸ ಎಂದರೆ ಹಣ ಉಳಿದಾಗ ಮಾಡುವ ಧರ್ಮಕಾರ್ಯ ಎಂಬ ಭಾವನೆ ಬಹಳ ಕಡೆ ಇದೆ. ಡೆಟ್ರಾಯಿಟ್ ಅನುಭವ ಅದಕ್ಕೆ ವಿರುದ್ಧವಾಗಿದೆ. ಶಾಲೆಗಳ ಬಜೆಟ್ ಕುಸಿದಾಗ ಮೊದಲು ಹೋಗುವುದು ಸಂಗೀತದ ಪಾಠ. ಪಾಠ ಹೋದರೆ ಮುಂದಿನ ತಲೆಮಾರಿನ ವಾದಕರೂ ಇಲ್ಲ, ಕೇಳುಗರೂ ಇಲ್ಲ, ದಾನಿಗಳೂ ಇಲ್ಲ. ಈಗ ಸಿಂಫನಿ ಮುಂದಾಗಿ ನಡೆಸುತ್ತಿರುವ ಡೆಟ್ರಾಯಿಟ್ ಹಾರ್ಮನಿ ಯೋಜನೆಯ ಗುರಿ ಸರಳ: ನಗರದಲ್ಲಿ ವಾದ್ಯ ಕಲಿಯಬೇಕೆನ್ನುವ ಪ್ರತಿಯೊಂದು ಮಗುವಿನ ಕೈಗೂ ಒಂದು ವಾದ್ಯ, ಕಲಿಸಲು ಒಬ್ಬರು ಗುರು. ಇದಕ್ಕಾಗಿ ವಾದ್ಯ ರಿಪೇರಿ ಮಾಡುವವರಿಂದ ಹಿಡಿದು ಶಾಲಾ ಶಿಕ್ಷಕರವರೆಗೆ ಹಲವರು ಒಟ್ಟಾಗಬೇಕು.

ಪಂಪ ಕನ್ನಡ ಕೂಟದಂಥ ಸಂಘಗಳು ಇಲ್ಲಿ ಬಾಳಿರುವುದೂ ಸದಸ್ಯರ ಸಣ್ಣ ಚಂದಾ ಮತ್ತು ಸ್ವಯಂಸೇವಕರ ದುಡಿಮೆಯಿಂದ. 2002ರ ಅಕ್ಕ ವಿಶ್ವ ಕನ್ನಡ ಸಮ್ಮೇಳನ ಡೆಟ್ರಾಯಿಟ್‌ನಲ್ಲಿ ನಡೆದದ್ದೂ ಹಾಗೆಯೇ. ಆದ್ದರಿಂದ ಈ ಲೆಕ್ಕ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಟ್ರಾಯ್, ನೋವೈ, ಕ್ಯಾಂಟನ್ ಶಾಲೆಗಳಲ್ಲಿ ನಮ್ಮ ಮಕ್ಕಳು ಪಿಟೀಲು, ಚೆಲ್ಲೊ ಕಲಿಯುತ್ತಿದ್ದಾರೆ. ಬೆಳೆದ ಮಕ್ಕಳ ಚಿಕ್ಕ ಅಳತೆಯ ಪಿಟೀಲುಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಸುಮ್ಮನೆ ಬಿದ್ದಿವೆ. ಅವನ್ನು ಇಳಿಸಿ ನಗರದ ಮಕ್ಕಳಿಗೆ ತಲುಪಿಸಿ. ವರ್ಷಕ್ಕೆ ಒಂದು ಸಂಜೆಯಾದರೂ ಮನೆಮಂದಿಯೆಲ್ಲ ಆರ್ಕೆಸ್ಟ್ರಾ ಹಾಲಿಗೆ ಹೋಗಿ, ಟಿಕೆಟ್ ಜೊತೆಗೆ ಹತ್ತು ಡಾಲರ್ ದೇಣಿಗೆಯನ್ನೂ ಸೇರಿಸಿ.