ಅಮ್ಮನ ಕಾವಲು, ಅಪ್ಪನ ದೂರ: ಮಗುವಿನ ಇನ್ಸುಲಿನ್ ಹೊಣೆ ಯಾರದು?

ಡೊಂಬಿವಲಿ, ಕಲ್ಯಾಣದ ಅನೇಕ ಮನೆಗಳಲ್ಲಿ ಅಪ್ಪ ಬೆಳಗಿನ ಲೋಕಲ್ ಹಿಡಿದರೆ ಮರಳುವುದು ರಾತ್ರಿಗೆ. ಟೈಪ್ 1 ಮಧುಮೇಹವಿರುವ ಮಗುವಿನ ಸೂಜಿ, ಊಟ, ಶಾಲೆ ಎಲ್ಲವೂ ಅಮ್ಮನ ಪಾಲು. ಆಕೆಯ ಎಚ್ಚರ ಮೆಲ್ಲನೆ ಹಿಡಿತವಾಗಬಹುದು.

ಹದಿಹರೆಯದಲ್ಲಿ ವಿಚಾರಣೆ, ಬೈಗುಳ ಹೆಚ್ಚಿದರೆ ಕೆಲ ಮಕ್ಕಳು ಡೋಸ್ ತಪ್ಪಿಸುತ್ತಾರೆ, ಸುಳ್ಳು ಅಂಕಿ ಬರೆಯುತ್ತಾರೆ. ಹಾಗೆಂದು ಹೊಣೆಯನ್ನು ಒಮ್ಮೆಲೇ ಮಗುವಿಗೆ ಬಿಟ್ಟರೂ ಸಕ್ಕರೆ ಹತೋಟಿ ತಪ್ಪಬಹುದು. ಹಂತಹಂತವಾಗಿ ಕೊಡಿ:

• ಮೊದಲು ಸಕ್ಕರೆ ಪರೀಕ್ಷೆ, ಬಳಿಕ ನಿಮ್ಮೆದುರು ಇಂಜೆಕ್ಷನ್, ಕೊನೆಗೆ ಡೋಸ್ ಲೆಕ್ಕ. ಡೋಸ್ ಬದಲಾವಣೆ ವೈದ್ಯರನ್ನು ಕೇಳಿಯೇ.
• ರಾತ್ರಿಯ ಡೋಸ್‌ಗೆ ಅಪ್ಪ ಜೊತೆಗಿರಲಿ. ವೈದ್ಯರ ಭೇಟಿಗೂ ಬರಲಿ.
• ಅಂಕಿ ಎಷ್ಟಿದ್ದರೂ ಬೈಯಬೇಡಿ. ‘ಏನಾಯ್ತು?’ ಎಂದು ಕೇಳಿ.
• ಸಕ್ಕರೆ 70 ಮಿ.ಗ್ರಾಂ/ಡಿ.ಲೀ.ಗಿಂತ ಕಡಿಮೆಯಾದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷದ ನಂತರ ಮರುಪರೀಕ್ಷೆ. ಇದು ಮಗುವಿಗೂ ಅಪ್ಪನಿಗೂ ಗೊತ್ತಿರಲಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇನ್ಸುಲಿನ್ ತಪ್ಪಿದಾಗ ಕೀಟೋಆಸಿಡೋಸಿಸ್ ಬರಬಹುದು, ಅದು ಪ್ರಾಣಾಪಾಯ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡಬೇಡಿ. ಮಗುವಿನ ಅಥವಾ ನಿಮ್ಮ ಮನಸ್ಸು ಕುಗ್ಗಿದ್ದರೆ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ.