ಆಹಾರ ಸೇವನೆಯ ಅಸ್ವಸ್ಥತೆಗೆ ದೂರವಾಣಿ ಮತ್ತು ಅಂತರ್ಜಾಲದ ಮೂಲಕ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ವೈದ್ಯರು ಈಟಿಂಗ್ ಡಿಸಾರ್ಡರ್ ಎಂದು ಕರೆಯುವ ಆಹಾರ ಸೇವನೆಯ ಅಸ್ವಸ್ಥತೆಯು ಮಾನಸಿಕ ಕಾಯಿಲೆಗಳ ವರ್ಗಕ್ಕೆ ಸೇರಿದ್ದು, ಇದಕ್ಕೆ ಚಿಕಿತ್ಸೆ ಇದೆ. ಹಟ, ಶೋಕಿ ಅಥವಾ ದೃಷ್ಟಿ ತಾಗಿದ ಪರಿಣಾಮವೆಂದು ಭಾವಿಸಿ ತಿಂಗಳುಗಟ್ಟಲೆ ಕಾಲ ಕಳೆಯುವ ಕುಟುಂಬಗಳು ಇಂದಿಗೂ ಇರುವುದರಿಂದ ಈ ಮಾತನ್ನು ಮೊದಲಿಗೇ ತಿಳಿಸುವುದು ಅವಶ್ಯಕ.

ಕಾಯಿಲೆಯ ಸ್ವರೂಪ

ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ದೇಹದ ತೂಕ ಅಪಾಯಕರ ಮಟ್ಟಕ್ಕೆ ಇಳಿದರೂ ಆಹಾರವನ್ನು ನಿರಾಕರಿಸುವುದು ಅನೊರೆಕ್ಸಿಯಾ ನರ್ವೋಸಾ. ಮಿತಿಮೀರಿ ತಿಂದು, ನಂತರ ವಾಂತಿ ಮಾಡಿಕೊಳ್ಳುವುದು ಅಥವಾ ಭೇದಿ ಮಾತ್ರೆ ಸೇವಿಸುವುದು ಬುಲಿಮಿಯಾ ನರ್ವೋಸಾ. ಹೀಗೆ ಹೊರಹಾಕದೆ, ಹತೋಟಿ ತಪ್ಪಿ ಪದೇ ಪದೇ ಅತಿಯಾಗಿ ತಿನ್ನುವುದು ಮೂರನೆಯ ಬಗೆ. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯು 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಈ ಕಾಯಿಲೆ ಹುಡುಗಿಯರಲ್ಲಿ ಹೆಚ್ಚಾಗಿ ಕಂಡುಬಂದರೂ ಹುಡುಗರೂ ವಯಸ್ಕರೂ ಇದಕ್ಕೆ ಹೊರತಲ್ಲ. ತೂಕ ಸಾಮಾನ್ಯವಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ತಿಳಿಯತಕ್ಕದ್ದಲ್ಲ.

ಭಾರತದಲ್ಲಿ ಕೆಲವು ರೋಗಿಗಳು ದಪ್ಪವಾಗುವ ಭಯವನ್ನು ಹೇಳಿಕೊಳ್ಳುವುದೇ ಇಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ, ಇಂದು ಉಪವಾಸ ಎಂಬ ಕಾರಣಗಳೇ ಮುಂದೆ ಬರುತ್ತವೆ. ಆದ್ದರಿಂದ ಕಾರಣ ಏನೇ ಹೇಳಿದರೂ, ತೂಕ ಇಳಿಯುತ್ತಿರುವುದು, ಮುಟ್ಟು ನಿಲ್ಲುವುದು, ಎಲ್ಲರೊಡನೆ ಊಟಕ್ಕೆ ಕೂರದಿರುವುದು, ಊಟವಾದೊಡನೆ ಬಚ್ಚಲಿಗೆ ಹೋಗುವುದು ಕಂಡುಬಂದಲ್ಲಿ ವೈದ್ಯರಿಗೆ ತಿಳಿಸುವುದು ಸೂಕ್ತ.

ಮೊದಲು ನೇರ ತಪಾಸಣೆ

ದೂರವಾಣಿ ಅಥವಾ ವಿಡಿಯೋ ಮೂಲಕ ದೊರೆಯುವ ಚಿಕಿತ್ಸೆಯು ಮನಸ್ಸಿಗೆ ಸಂಬಂಧಿಸಿದ್ದು. ಇದು ರಕ್ತ ಪರೀಕ್ಷೆಗೆ ಬದಲಿಯಲ್ಲ. ಪದೇ ಪದೇ ವಾಂತಿ ಮಾಡಿಕೊಳ್ಳುವವರ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗಿ ಹೃದಯದ ಬಡಿತ ಏರುಪೇರಾಗಬಹುದು. ನೋಡಲು ಆರೋಗ್ಯವಾಗಿರುವಂತೆ ಕಾಣುವ ವ್ಯಕ್ತಿಗೂ ಇದು ಸಂಭವಿಸುತ್ತದೆ. ಬಹುಕಾಲ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್ ಕುಸಿದು ಪ್ರಾಣಾಪಾಯವಾಗಬಹುದು. ‘ಚೆನ್ನಾಗಿ ತಿನ್ನಿಸಿದರೆ ಸರಿಹೋಗುತ್ತದೆ’ ಎಂದು ಮನೆಯವರೇ ಮುಂದಾಗುವುದು ಇದೇ ಕಾರಣಕ್ಕೆ ಅಪಾಯಕಾರಿ. ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತೂಕ, ನಾಡಿ, ರಕ್ತದೊತ್ತಡ, ರಕ್ತ ಪರೀಕ್ಷೆ ಹಾಗೂ ಇ.ಸಿ.ಜಿ. ಮಾಡಿಸಿ, ದೂರದಿಂದ ಚಿಕಿತ್ಸೆ ನೀಡಬಹುದೇ ಎಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಮೂರ್ಛೆ, ಎದೆ ಬಡಿತದಲ್ಲಿ ಏರುಪೇರು, ವಾಂತಿಯಲ್ಲಿ ರಕ್ತ, ನೀರನ್ನೂ ಕುಡಿಯದ ಸ್ಥಿತಿ ಅಥವಾ ಆತ್ಮಹತ್ಯೆಯ ಮಾತು ಕಂಡುಬಂದಲ್ಲಿ ಆನ್‌ಲೈನ್ ಸಮಾಲೋಚನೆಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸುವುದು.

ದೂರದಿಂದ ದೊರೆಯುವ ಚಿಕಿತ್ಸೆ

ಬುಲಿಮಿಯಾ ಮತ್ತು ಅತಿಯಾಗಿ ತಿನ್ನುವ ಕಾಯಿಲೆಗೆ ಅರಿವು-ವರ್ತನಾ ಚಿಕಿತ್ಸೆಯನ್ನು ಅನುಸರಿಸಲಾಗುತ್ತದೆ. ರೋಗಿಯು ಏನು, ಯಾವಾಗ, ಯಾವ ಮನಃಸ್ಥಿತಿಯಲ್ಲಿ ತಿಂದೆನೆಂದು ಪ್ರತಿದಿನ ಬರೆದಿಡಬೇಕು. ಹೊತ್ತುಹೊತ್ತಿಗೆ ಊಟ ಮಾಡುವ ಕ್ರಮವನ್ನು ಮೊದಲು ರೂಢಿಸಲಾಗುತ್ತದೆ. ಏಕೆಂದರೆ ದಿನವಿಡೀ ಹಸಿದಿರುವುದೇ ರಾತ್ರಿಯ ಮಿತಿಮೀರಿದ ತಿನ್ನುವಿಕೆಗೆ ದಾರಿಯಾಗುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಫೇರ್‌ಬರ್ನ್ ಅವರು ರೂಪಿಸಿದ ಪದ್ಧತಿಯಲ್ಲಿ ಸಾಮಾನ್ಯವಾಗಿ 20 ವಾರಗಳಲ್ಲಿ 20 ಭೇಟಿಗಳಿದ್ದು, ತೂಕ ತೀರಾ ಕಡಿಮೆಯಿರುವವರಿಗೆ ಸುಮಾರು 40 ಭೇಟಿಗಳು ಬೇಕಾಗುತ್ತವೆ. ಎರಡು ಕರೆಗಳಲ್ಲಿ ಗುಣವಾಗಲಿಲ್ಲವೆಂದು ಬಿಟ್ಟುಬಿಡುವುದು ಸರಿಯಲ್ಲ.

ಹದಿಹರೆಯದವರ ಅನೊರೆಕ್ಸಿಯಾಕ್ಕೆ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಆಧಾರಿತ ಚಿಕಿತ್ಸೆ ಪ್ರಚಲಿತದಲ್ಲಿದೆ. ಇದರಲ್ಲಿ ವೈದ್ಯರ ಮಾರ್ಗದರ್ಶನದಂತೆ ಊಟದ ಹೊಣೆಯನ್ನು ತಾತ್ಕಾಲಿಕವಾಗಿ ತಂದೆತಾಯಿಯರು ವಹಿಸಿಕೊಳ್ಳುತ್ತಾರೆ. ವಿಡಿಯೋ ಮೂಲಕ ಚಿಕಿತ್ಸಕರು ಮನೆಯ ಊಟದ ಹೊತ್ತನ್ನೇ ನೋಡಲು ಸಾಧ್ಯವಿರುವುದು ಇಲ್ಲಿ ಅನುಕೂಲವೇ ಸರಿ. ಅಜ್ಜಿ ಒತ್ತಾಯಿಸುವುದು, ತಂದೆ ಗದರುವುದು, ತಟ್ಟೆ ಹಾಗೆಯೇ ಉಳಿಯುವುದು ಆಸ್ಪತ್ರೆಯ ಕೊಠಡಿಯಲ್ಲಿ ತಿಳಿಯುವಂಥದ್ದಲ್ಲ.

ಇದರಲ್ಲಿ ಅನಾನುಕೂಲಗಳೂ ಇಲ್ಲದಿಲ್ಲ. ಕರೆಯುದ್ದಕ್ಕೂ ಪರದೆಯ ಮೇಲೆ ತನ್ನದೇ ಮುಖ ಕಾಣುವುದು ಕೆಲವು ರೋಗಿಗಳಿಗೆ ಯಾತನೆಯಾಗುತ್ತದೆ. ತನ್ನ ಚಿತ್ರವನ್ನು ಮರೆಮಾಡುವ ಸೌಲಭ್ಯವನ್ನು ಬಳಸಿಕೊಳ್ಳಬಹುದು. ಇಡೀ ಮನೆಗೆ ಒಂದೇ ಮೊಬೈಲ್ ಇರುವಲ್ಲಿ, ಕರೆಯ ಅವಧಿಯಲ್ಲಿ ರೋಗಿಗೆ ಏಕಾಂತ ಕಲ್ಪಿಸುವುದು ಮನೆಯವರ ಕರ್ತವ್ಯ. ತೂಕವನ್ನು ರೋಗಿಯ ಬಾಯಿಮಾತಿನಿಂದ ಬರೆದುಕೊಳ್ಳುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೂಗಿಸಿ ತಿಳಿಸುವುದು ಉತ್ತಮ.

ಸೇವೆ ಪಡೆಯುವ ವಿಧಾನ

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯು ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ. 14416 ಅಥವಾ 1800-891-4416ಕ್ಕೆ ಕರೆ ಮಾಡಿ ಕನ್ನಡವನ್ನು ಆಯ್ಕೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಕೇಂದ್ರ. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡಿ, ಅಗತ್ಯವಿದ್ದಲ್ಲಿ ತಜ್ಞರಿಗೆ ಕರೆಯನ್ನು ವರ್ಗಾಯಿಸುತ್ತಾರೆ ಅಥವಾ ಆಸ್ಪತ್ರೆಗೆ ಕಳುಹಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ವಿಡಿಯೋ ಸಮಾಲೋಚನೆಯನ್ನು ಮೊದಲು ಆರಂಭಿಸಿದ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ರೋಗಿಯು ಒಪ್ಪದಿದ್ದರೂ ಮನೆಯವರು ಕರೆ ಮಾಡಿ ಸಲಹೆ ಪಡೆಯಬಹುದು. ಬಹಳಷ್ಟು ಪ್ರಕರಣಗಳಲ್ಲಿ ಆರಂಭವಾಗಬೇಕಾದುದು ಹೀಗೆಯೇ.

ಇ-ಸಂಜೀವಿನಿಯಲ್ಲಿ ಮೊಬೈಲ್ ಸಂಖ್ಯೆ ನೋಂದಾಯಿಸಿ ವೈದ್ಯರೊಡನೆ ಸಮಾಲೋಚಿಸಿದಲ್ಲಿ ಔಷಧ ಚೀಟಿಯು ವಿದ್ಯುನ್ಮಾನ ರೂಪದಲ್ಲಿ ದೊರೆಯುತ್ತದೆ. ಮುಂದುವರಿದ ಚಿಕಿತ್ಸೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನು ಸಂಪರ್ಕಿಸಬಹುದು.

2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಅಪ್ರಾಪ್ತ ವಯಸ್ಕರೊಡನೆ, ಗುರುತು ಖಚಿತಪಡಿಸಿದ ವಯಸ್ಕರೊಬ್ಬರು ಇರಲೇಬೇಕು. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳ ಪೋಷಕರು ಇದನ್ನು ಗಮನಿಸುವುದು.

ಖಾಸಗಿ ಸೇವೆ ಮತ್ತು ವೆಚ್ಚ

ಹಣ ಪಾವತಿಸುವ ಮುನ್ನ ವೈದ್ಯರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು, ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ಕೇಳಿ ಪಡೆಯುವುದು. ತೂಕ ಇಳಿಸುವ ಸಲಹೆಗಾರರು ಈ ಕಾಯಿಲೆಗೆ ಚಿಕಿತ್ಸಕರಲ್ಲ. ಅವರ ಪಥ್ಯದಿಂದ ಕಾಯಿಲೆ ಉಲ್ಬಣಿಸುವ ಸಂಭವವೇ ಹೆಚ್ಚು. ಪ್ರತಿ ಭೇಟಿಗೂ ರಶೀದಿ ಪಡೆಯತಕ್ಕದ್ದು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕರಣ 21(4)ರಂತೆ ವಿಮಾ ಕಂಪನಿಗಳು ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು. ಆದರೆ ಹೊರರೋಗಿ ವೆಚ್ಚವನ್ನು ಭರಿಸುವ ಷರತ್ತು ಪಾಲಿಸಿಯಲ್ಲಿ ಇಲ್ಲದಿದ್ದಲ್ಲಿ ಸಮಾಲೋಚನೆಯ ಶುಲ್ಕ ದೊರೆಯುವುದು ಕಷ್ಟ. ಇದನ್ನು ಮೊದಲೇ ಓದಿ ನೋಡಿಕೊಳ್ಳುವುದು.

ಗೋಪ್ಯತೆ ಮತ್ತು ದೂರು

ಸದರಿ ಅಧಿನಿಯಮದ ಪ್ರಕರಣ 23ರನ್ವಯ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕು. ಶಾಲೆಗಾಗಲಿ, ಉದ್ಯೋಗದಾತರಿಗಾಗಲಿ, ವಿವಾಹ ಸಂಬಂಧಕ್ಕೆ ವಿಚಾರಿಸುವವರಿಗಾಗಲಿ ಅದನ್ನು ತಿಳಿಸುವಂತಿಲ್ಲ. ಪ್ರಕರಣ 25ರಂತೆ ರೋಗಿಯು ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯಲು ಹಕ್ಕುಳ್ಳವರು. ಸೇವೆಯಲ್ಲಿ ಕೊರತೆ ಕಂಡುಬಂದಲ್ಲಿ ಮೊದಲು ಸಂಬಂಧಪಟ್ಟ ಸಂಸ್ಥೆಯ ವೈದ್ಯಾಧಿಕಾರಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಮಾನಸಿಕ ಆರೋಗ್ಯ ಪುನರ್ವಿಲೋಕನ ಮಂಡಳಿಗೆ ದೂರು ಸಲ್ಲಿಸಬಹುದು.