ಹಳೆಯ ಕಾರುಗಳ ದೋಷಯುಕ್ತ ಹಾರ್ನ್: ದುರಸ್ತಿ, ಬದಲಾವಣೆ ಹಾಗೂ ನೋಂದಣಿ ನವೀಕರಣ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ)

ಮೋಟಾರು ವಾಹನ ಕಾಯ್ದೆ, 1988ರ ಕಲಂ 41ರ ಅನ್ವಯ ಖಾಸಗಿ ಕಾರಿನ ನೋಂದಣಿ ಪ್ರಮಾಣಪತ್ರವು 15 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ. ತದನಂತರ ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕು. ಎಂಜಿನ್, ಬ್ರೇಕ್ ಮತ್ತು ಟೈರುಗಳನ್ನು ಸುಸ್ಥಿತಿಯಲ್ಲಿಟ್ಟುಕೊಂಡ ಮಾಲೀಕರೂ ಹಾರ್ನನ್ನು ಕಡೆಗಣಿಸುವುದುಂಟು. ಹಾರ್ನ್ ನಿಷ್ಕ್ರಿಯವಾಗಿರುವ ವಾಹನವು ತಪಾಸಣೆಯಲ್ಲಿ ಅರ್ಹವಾಗುವುದಿಲ್ಲ. ದುರಸ್ತಿಯ ನಂತರ ಮತ್ತೊಮ್ಮೆ ಹಾಜರುಪಡಿಸಬೇಕಾಗುತ್ತದೆ.

ಇದು ಕೇವಲ ಕಡತದ ವಿಷಯವಲ್ಲ. ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿಯಿಂದ ಕೊಟ್ಟಿಗೆಹಾರದ ಕಡೆಗೆ ಏರುವ ರಾಷ್ಟ್ರೀಯ ಹೆದ್ದಾರಿ 73ರ ಘಾಟಿ ತಿರುವುಗಳಲ್ಲಿ ಎದುರಿನ ವಾಹನವು ಹತ್ತಿರ ಬರುವವರೆಗೂ ಕಾಣುವುದಿಲ್ಲ. ಮಳೆಗಾಲದಲ್ಲಿ ಮಂಜು ಕವಿದಾಗ ದೀಪವೂ ಹೆಚ್ಚು ದೂರ ಪ್ರಯೋಜನಕ್ಕೆ ಬಾರದು. ಅಂತಹ ತಿರುವಿನಲ್ಲಿ ಒಂದು ಬಾರಿ ಒತ್ತಿದ ಹಾರ್ನ್ ಮಾತ್ರವೇ ಎದುರಿನವರಿಗೆ ಮುನ್ಸೂಚನೆ. ರಸ್ತೆ ಕಿರಿದಾಗಿರುವಲ್ಲಿ ಏರುತ್ತಿರುವ ವಾಹನಕ್ಕೆ ಆದ್ಯತೆ ಎಂಬ ನಿಯಮವನ್ನು ಪಾಲಿಸಬೇಕಾದರೂ, ಏರುತ್ತಿರುವ ವಾಹನವೊಂದು ಅಲ್ಲಿದೆ ಎಂಬುದು ಇಳಿಯುವವರಿಗೆ ಮೊದಲು ತಿಳಿಯಬೇಕಲ್ಲವೇ?

ನಿಯಮ ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 119ರಂತೆ ವಾಹನದಲ್ಲಿ ಸಾಕಷ್ಟು ಕೇಳಿಸುವ ಎಚ್ಚರಿಕೆ ನೀಡಬಲ್ಲ ವಿದ್ಯುತ್ ಹಾರ್ನ್ ಅಥವಾ ಅಂತಹ ಸಾಧನವಿರಬೇಕು. ಹೊಸದಾಗಿ ಖರೀದಿಸುವ ಹಾರ್ನ್ ಭಾರತೀಯ ಮಾನಕ ಐ.ಎಸ್. 1884ಕ್ಕೆ ಅನುಗುಣವಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಒಂದರ ನಂತರ ಒಂದರಂತೆ ಬೇರೆ ಬೇರೆ ಸ್ವರ ಹೊರಡಿಸುವ ಬಹುಸ್ವರದ ಹಾರ್ನ್ ಹಾಗೂ ಕರ್ಕಶ, ತೀಕ್ಷ್ಣ ಅಥವಾ ಗಾಬರಿ ಹುಟ್ಟಿಸುವ ಶಬ್ದದ ಸಾಧನಗಳನ್ನು ಇದೇ ನಿಯಮ ನಿಷೇಧಿಸಿದೆ. ಆಂಬುಲೆನ್ಸ್, ಅಗ್ನಿಶಾಮಕ ಮುಂತಾದ ವಾಹನಗಳಿಗೆ ಇರುವ ವಿನಾಯಿತಿ ಖಾಸಗಿ ಕಾರುಗಳಿಗೆ ಅನ್ವಯಿಸುವುದಿಲ್ಲ. ಹಳೆಯ ಹಾರ್ನ್ ಕೆಟ್ಟಿತೆಂದು ಅದರ ಜಾಗದಲ್ಲಿ ಏರ್ ಹಾರ್ನ್ ಕೂರಿಸಿದರೆ ಒಂದು ದೋಷ ಹೋಗಿ ಇನ್ನೊಂದು ದೋಷ ಸೇರಿಕೊಂಡಂತಾಗುತ್ತದೆ.

ಅಪಾಯಕ್ಕೆ ಎಡೆಮಾಡುವ ದೋಷವಿದೆ ಎಂದು ಗೊತ್ತಿದ್ದೂ ವಾಹನ ಚಲಾಯಿಸಿದಲ್ಲಿ ಕಲಂ 190(1)ರ ಅನ್ವಯ 1,500 ರೂಪಾಯಿ ದಂಡವಿದೆ. ಆ ದೋಷದಿಂದ ಅಪಘಾತವಾಗಿ ಗಾಯ ಅಥವಾ ಆಸ್ತಿ ಹಾನಿ ಸಂಭವಿಸಿದಲ್ಲಿ 3 ತಿಂಗಳವರೆಗಿನ ಕಾರಾವಾಸಕ್ಕೂ ಅವಕಾಶವಿದೆ. ಶಬ್ದ ನಿಯಂತ್ರಣದ ಮಾನಕಗಳನ್ನು ಉಲ್ಲಂಘಿಸುವ ವಾಹನಕ್ಕೆ ಕಲಂ 190(2) ಅನ್ವಯವಾಗುತ್ತದೆ.

ಅನುಮತಿ ಬೇಕೇ?

ಬೇಕಿಲ್ಲ. ಹಾರ್ನ್‌ನ ವಿವರ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರುವುದಿಲ್ಲ. ಆದ್ದರಿಂದ ನಿಯಮಕ್ಕೆ ಒಳಪಟ್ಟ ಹಾರ್ನನ್ನು ಬದಲಾಯಿಸುವುದು ಕಲಂ 52ರ ವಾಹನ ಮಾರ್ಪಾಡು ಎನಿಸುವುದಿಲ್ಲ. ಇದಕ್ಕೆ ಅರ್ಜಿಯಾಗಲಿ, ಶುಲ್ಕವಾಗಲಿ, ಮಧ್ಯವರ್ತಿಯಾಗಲಿ ಅಗತ್ಯವಿಲ್ಲ. ಖರೀದಿಯ ರಸೀದಿಯನ್ನು ಇಟ್ಟುಕೊಳ್ಳುವುದು ಒಳಿತು.

ದೋಷ ಎಲ್ಲಿದೆ ಎಂದು ತಿಳಿಯುವ ಬಗೆ

ಹೊಸ ಹಾರ್ನ್ ಕೊಳ್ಳುವ ಮುನ್ನ ದೋಷ ಹಾರ್ನ್‌ನಲ್ಲಿಯೇ ಇದೆಯೇ ಎಂದು ಪರೀಕ್ಷಿಸುವುದು ಸೂಕ್ತ. ಕರಾವಳಿಯ ತೇವ ಮತ್ತು ದೀರ್ಘ ಮಳೆಗಾಲದಲ್ಲಿ ಹಳೆಯ ಕಾರಿನ ತಂತಿಗಳ ತುದಿ ಹಾಗೂ ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿಯುತ್ತವೆ; ಗ್ರಿಲ್‌ನ ಹಿಂಭಾಗದ ಹಾರ್ನ್‌ನಲ್ಲಿ ಕೆಂಪು ಮಣ್ಣು ಮೆತ್ತಿಕೊಳ್ಳುತ್ತದೆ. ಅಡಿಕೆ ತೋಟದ ಮನೆಗಳ ಶೆಡ್ಡುಗಳಲ್ಲಿ ಬಹುದಿನ ನಿಂತ ಕಾರಿನ ತಂತಿಯನ್ನು ಇಲಿ ಕಡಿದಿರುವ ಸಂಭವವೂ ಇದೆ.

ಗುಂಡಿ ಒತ್ತಿದಾಗ ಯಾವ ಶಬ್ದವೂ ಬಾರದಿದ್ದಲ್ಲಿ ಮೊದಲು ಫ್ಯೂಸ್ ನೋಡಬೇಕು. ಸುಟ್ಟ ಫ್ಯೂಸ್‌ಗೆ ಬದಲಾಗಿ ಅದೇ ಆಂಪಿಯರ್‌ನ ಫ್ಯೂಸನ್ನೇ ಹಾಕತಕ್ಕದ್ದು. ತಾಮ್ರದ ತಂತಿ ಸುತ್ತಿದಲ್ಲಿ ಬೆಂಕಿ ಅನಾಹುತಕ್ಕೆ ದಾರಿಯಾಗುತ್ತದೆ. ರಿಲೇಯ 'ಟಕ್' ಶಬ್ದ ಮಾತ್ರ ಕೇಳಿಸಿದರೆ ಗುಂಡಿ ಸರಿಯಿದೆ. ದೋಷವಿರುವುದು ರಿಲೇಯ ಸಂಪರ್ಕ ಬಿಂದುಗಳಲ್ಲಿ, ತಂತಿಯಲ್ಲಿ, ಅರ್ಥಿಂಗ್‌ನಲ್ಲಿ ಅಥವಾ ಹಾರ್ನ್‌ನಲ್ಲಿ. ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಬಿಟ್ಟು ಬಿಟ್ಟು ಮೊಳಗಿದರೆ ಸ್ಟಿಯರಿಂಗ್ ಒಳಗಿನ ಸಂಪರ್ಕ ಉಂಗುರ ಸವೆದಿರಬಹುದು. ತಾನಾಗಿಯೇ ನಿರಂತರ ಮೊಳಗುತ್ತಿದ್ದಲ್ಲಿ ಗುಂಡಿ ಅಥವಾ ರಿಲೇ ಅಂಟಿಕೊಂಡಿರುತ್ತದೆ.

ಹಾರ್ನನ್ನು ಬಿಚ್ಚಿ, ಫ್ಯೂಸ್ ಅಳವಡಿಸಿದ ತಂತಿಯ ಮೂಲಕ ಬ್ಯಾಟರಿಗೆ ಕ್ಷಣಕಾಲ ನೇರವಾಗಿ ಜೋಡಿಸಿದಾಗ ಸ್ಪಷ್ಟವಾಗಿ ಮೊಳಗಿದರೆ ಹಾರ್ನ್ ಬದಲಾಯಿಸುವ ಖರ್ಚು ಉಳಿಯಿತು: ತುಕ್ಕನ್ನು ಉಜ್ಜಿ ತೆಗೆದು ಅರ್ಥಿಂಗ್ ಸರಿಪಡಿಸಿ ಅಥವಾ ತಂತಿ ಬದಲಾಯಿಸಿದರೆ ಸಾಕಾಗುತ್ತದೆ. ಗೊಗ್ಗರು ಶಬ್ದ ಬಂದರೆ, ಕೆಲವು ಹಾರ್ನ್‌ಗಳ ಹಿಂಬದಿಯ ತಿರುಪನ್ನು ಕಾಲು ಸುತ್ತಿನಷ್ಟು ಅತ್ತಿತ್ತ ತಿರುಗಿಸಿ ಸರಿಪಡಿಸಲು ಸಾಧ್ಯವಿದೆ. ಒಳಗಿನ ತಗಡಿನ ಪೊರೆಯೇ ತೂತಾಗಿದ್ದರೆ ಬದಲಾವಣೆಯೇ ಪರಿಹಾರ.

ತಯಾರಿಕೆ 2014ರಲ್ಲಿ ನಿಂತ ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳಿಗೂ 12 ವೋಲ್ಟಿನ ಸಾಮಾನ್ಯ ಹಾರ್ನ್ ಹೊಂದುತ್ತದೆ. ರಿಲೇ ಇಲ್ಲದ ಹಳೆಯ ಕಾರಿಗೆ ಹೆಚ್ಚು ವಿದ್ಯುತ್ ಎಳೆಯುವ ಜೋಡಿ ಹಾರ್ನ್ ಹಾಕುವುದಾದರೆ ರಿಲೇ ಮತ್ತು ಪ್ರತ್ಯೇಕ ಫ್ಯೂಸ್ ಅಳವಡಿಸಬೇಕು; ಇಲ್ಲವಾದಲ್ಲಿ ಸ್ಟಿಯರಿಂಗ್‌ನ ಗುಂಡಿಯೇ ಸುಟ್ಟುಹೋಗುತ್ತದೆ. ಹಾರ್ನ್‌ನ ಬಾಯಿ ಕೆಳಮುಖವಾಗಿದ್ದರೆ ನೀರು ನಿಲ್ಲುವುದಿಲ್ಲ. ಏರ್‌ಬ್ಯಾಗ್ ಇರುವ ಕಾರಿನ ಸ್ಟಿಯರಿಂಗ್ ಬಿಚ್ಚುವ ಕೆಲಸವನ್ನು ತರಬೇತಿ ಪಡೆದ ಮೆಕ್ಯಾನಿಕ್ ಮಾತ್ರ ಮಾಡತಕ್ಕದ್ದು.

ನವೀಕರಣದ ಅರ್ಜಿ

ನಮೂನೆ 25ರಲ್ಲಿನ ಅರ್ಜಿಯನ್ನು ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ, ವಾಹನವಿರುವ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಬಂಟ್ವಾಳ ಕಚೇರಿಯ ಸಂಕೇತ ಕೆಎ-70. ಮಂಗಳೂರಿನ ಕೆಎ-19 ಅಥವಾ ಪುತ್ತೂರಿನ ಕೆಎ-21 ಸರಣಿಯ ಸಂಖ್ಯೆ ಹೊಂದಿದ ಹಳೆಯ ಕಾರುಗಳು ನವೀಕರಣಕ್ಕಾಗಿ ಸಂಖ್ಯೆ ಬದಲಾಯಿಸಿಕೊಳ್ಳಬೇಕಾಗಿಲ್ಲ. ನೋಂದಣಿ ಪ್ರಮಾಣಪತ್ರ, ಊರ್ಜಿತ ವಿಮೆ, ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ ಮತ್ತು ತೆರಿಗೆ ಪಾವತಿಯ ದಾಖಲೆಗಳನ್ನು ಹಾಜರುಪಡಿಸಬೇಕು. ವಯಸ್ಸಾದ ವಾಹನಗಳ ಶುಲ್ಕ ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತಿರುವುದರಿಂದ ಪಾವತಿಸುವ ದಿನದ ಮೊತ್ತವನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳುವುದು.

ಬಳಕೆಯಲ್ಲಿ ಮಿತಿ

ಅನಗತ್ಯವಾಗಿ ಅಥವಾ ನಿರಂತರವಾಗಿ ಹಾರ್ನ್ ಮಾಡಿದಲ್ಲಿ, ಅಥವಾ ನಿಷೇಧ ಫಲಕವಿರುವಲ್ಲಿ ಬಳಸಿದಲ್ಲಿ, 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 194ಎಫ್ ಪ್ರಕಾರ ಮೊದಲ ಬಾರಿಗೆ 1,000 ರೂಪಾಯಿ, ಮರುಕಳಿಸಿದಲ್ಲಿ 2,000 ರೂಪಾಯಿ ದಂಡವಿದೆ. ಶಬ್ದಮಾಲಿನ್ಯ ನಿಯಮಗಳು, 2000ರಂತೆ ಆಸ್ಪತ್ರೆ, ವಿದ್ಯಾಸಂಸ್ಥೆ ಹಾಗೂ ನ್ಯಾಯಾಲಯಗಳ ಸುತ್ತಲಿನ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವಾಗಿ ಘೋಷಿಸಬಹುದಾಗಿದೆ. ಮೂಡುಬಿದಿರೆ ಮತ್ತು ಉಜಿರೆಯಂತಹ ಶಾಲಾ ಕಾಲೇಜುಗಳು ಹೆಚ್ಚಿರುವ ಪಟ್ಟಣಗಳಲ್ಲಿ ಚಾಲಕರು ಇದನ್ನು ಗಮನದಲ್ಲಿಡಬೇಕು. ವಸತಿ ಪ್ರದೇಶಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತುರ್ತು ಸಂದರ್ಭದ ಹೊರತು ಹಾರ್ನ್ ಬಳಸತಕ್ಕದ್ದಲ್ಲ.